ಸುಂದರಬಾಯಿ ಕಂಪನಿ ಗಿಟಾರ

“ಹಲೋ… ಹಲೋ, ಯಾರು ಮಾತಾಡೋದ್ರಿ?… ಹುಮನಾಬಾದದ ಓಂಪ್ರಕಾಶ ಮ್ಯೂಜಿಕ್ ದುಕಾನ ಅಲ್ಲೇನ್ರಿ?… ಹಾಂ, ಶೇಟಜೀನೇ ಏನ್ರಿ? ಛಲೋ ಆತು ಬಿಡ್ರಿ.”

ಮನೀಷಾ ಫೋನಿನ ಬಾಯಿಗೆ ಓಢಣಿಯ ತುದಿಯನ್ನು ಎರಡು ಸುತ್ತು ಸುತ್ತಿಕೊಂಡಿದ್ದಳು. ಸಾಲದ್ದಕ್ಕೆ ಮೂಗಿನಲ್ಲಿ ಮಾತಾಡುತ್ತಿದ್ದಳು. ಬಸವಕಲ್ಯಾಣದ ತನ್ನ ಮನೆಯಲ್ಲಿ, ಹೊಲಿಗೆ ಮಷಿನ್ನಿನ ಮುಂದೆ ಕೊರಳಿಗೆ ಟೇಪು ಹಾಕಿಕೊಂಡು ಕೂತ ಇಪ್ಪತ್ತಮೂರರ ಮಗಳು ಹೀಗೆ ಯಾರದೋ ದನಿ ತೆಗೆಯುವುದನ್ನು ನೋಡಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸುಂದರಬಾಯಿ ಹಣೆ ಚಚ್ಚಿಕೊಂಡಳು. ಹಣೆಗೆಲ್ಲ ಜೋಳದ ಹಿಟ್ಟಾಯಿತು.

“ನಾನ್ರಿ… ನಾನು ಆಮ್ರಪಾಲಿ ಅಂತ್ರಿ. ಮುಡಬಿಯಿಂದ ಮಾತಾಡಾಕತ್ತೇನಿ… ಆಮ್ರಪಾಲಿ, ಆಮ್ರಪಾಲಿ… ಹಾಂ. ನಮ್ಮದು ಹೆಣ್ಣಮಕ್ಕಳ ಭಜನಿ ಮಂಡಳಿ ಅದರಿ. ಒಂದು ಗಿಟಾರ ಬೇಕಾಗಿತ್ತು.”

ಮುಡಬಿಯಲ್ಲಿ ಆಮ್ರಪಾಲಿ ಎಂಬವಳು ಇದ್ದದ್ದು ನಿಜ. ಕಾಲೇಜಿನಲ್ಲಿ ಮನೀಷಾಳ ಪಕ್ಕದಲ್ಲೇ ಕೂರುತ್ತಿದ್ದಳು. ಅವಳಿಗೆ ಭಜನೆಯ ಗಂಧವಿಲ್ಲ, ಈ ಹೊತ್ತಿನಲ್ಲಿ ತನ್ನ ಹೆಸರು ಗಿಟಾರು ಕೇಳುತ್ತಿದೆ ಎಂಬ ಖಬರೂ ಇಲ್ಲ. ಸುಳ್ಳು ಹೇಳಲು ಕೂತಾಗ ನಾಲಿಗೆಗೆ ಯಾವ ಹೆಸರು ಬಂತೋ ಅದು ಬಂತು.

“… ಇಲ್ರಿ, ಇಲ್ರಿ, ಆ ಕಂಪನಿದು ಬ್ಯಾಡ… ಅದೂ ಬ್ಯಾಡ್ರಿ… ಕರೀದು, ನೀಲಿದು ಏನೂ ಬ್ಯಾಡ. ನಮಗ ಸುಂದರಬಾಯಿ ಬೇಕು.”

“… ಸುಂದರಬಾಯಿ, ಸುಂದರಬಾಯಿ… ಅಯ್ಯ, ಹೆಣ್ಣಮಗಳಲ್ರಿ, ಗಿಟಾರ! ಸುಂದರಬಾಯಿ ಕಂಪನಿ ಗಿಟಾರ… ಯಾಕ ನಗಾಕತ್ತೀರಿ? ನಗುವಂಥಾದ್ದು ಏನದ ಇದರಾಗ?”

ನಗುವಂಥದ್ದು ಇತ್ತು, ಯಾಕೆ ಸುಳ್ಳು ಹೇಳಬೇಕು. ಆ ಗಿಟಾರನ್ನು ಮಾಡಿದವನು ಮನೀಷಾಳ ಅಪ್ಪ ದಿಗಂಬರ. ಕಲ್ಯಾಣದಲ್ಲಿ ಯಾರ ಹಾರ್ಮೋನಿಯಮ್ಮಿನ ಗಾಳಿ ಸೋರಿದರೂ, ಯಾರ ಏಕತಾರಿ ಸೀಳಿದರೂ ಜನ ಬರುತ್ತಿದ್ದದ್ದು ಅವನ ಬಾಗಿಲಿಗೆ. ಕೆಡವಿದ ಹಳೇ ವಾಡೆಯೊಂದರ ಜೋಡಿ ಬಾಗಿಲು ಕೈಗೆ ಸಿಕ್ಕಿತೆಂದು, ಒಂದು ಕದದ ಸಾಗವಾನಿ ಬಿಡಿಸಿಕೊಂಡು ಏಳು ತಿಂಗಳು ಕೂತು ಒಂದು ಗಿಟಾರು ಕಟ್ಟಿದ. ಗಿಟಾರಿನ ತಲೆಯ ಮೇಲೆ ಏನಾದರೊಂದು ಹೆಸರು ಇರುತ್ತದಲ್ಲ, ಅಲ್ಲಿ ಹೆಂಡತಿಯ ಹೆಸರನ್ನು ದುಂಡಗಿನ ಕನ್ನಡದಲ್ಲಿ ಕೆತ್ತಿದ. ಯಾಕೆ ಎಂದು ಕೇಳಿದರೆ ಮತ್ತೆ ಉಳಿ ಎತ್ತಿಕೊಂಡ. ಒಂದು ಮಾತಾಡುವುದಕ್ಕಿಂತ ಒಂದು ದಿಮ್ಮಿ ಕೊಯ್ಯುವುದು ಹಗುರ ಅನ್ನುವ ಪೈಕಿ ದಿಗಂಬರ. ‘ಊರ ಮಂದಿ ಮೀಟಾಕ ನನ್ನ ಹೆಸರೇ ಬೇಕಾಗಿತ್ತೇನು?’ ಎಂದು ಸುಂದರಬಾಯಿ ಎಂಟು ದಿನ ಮಾತು ಬಿಟ್ಟಿದ್ದಳು. ಅವಳು ಮಾತು ಬಿಟ್ಟದ್ದು ಅವನಿಗೆ ಗೊತ್ತಾದದ್ದೇ ಒಂಬತ್ತನೇ ದಿನ.

ಎರಡು ತಿಂಗಳ ಹಿಂದೆ ದಿಗಂಬರ ಅದನ್ನು ಹೊತ್ತುಕೊಂಡು ಹೋಗಿ ಓಂಪ್ರಕಾಶನ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ‘ನೋಡ್ರಿ’ ಎಂಬ ಒಂದೇ ಮಾತು ಹೇಳಿ ಬಂದಿದ್ದ. ಯಾರೂ ಕೊಳ್ಳಲಿಲ್ಲ. ಇವತ್ತು ಬೆಳಿಗ್ಗೆ ಮನೀಷಾ ದಾರ, ಗುಂಡಿ ತರಲು ಪ್ಯಾಟಿಗೆ ಹೋದ ಹೊತ್ತಿನಲ್ಲಿ ಅವನು ಹತ್ತೂವರೆಯ ಬಸ್ಸು ಹತ್ತಿದ್ದ. ಗಿಟಾರನ್ನು ವಾಪಸು ತರುತ್ತಾನಂತೆ. ಮುರಿದು ಕೂಡುವ ಮಣೆ ಮಾಡುತ್ತಾನಂತೆ. ಸೋಮವಾರದಿಂದ ಮಹಾರುದ್ರಪ್ಪನ ಕಾರ್ಖಾನೆಯಲ್ಲಿ ಸೋಫಾದ ಕಾಲು ಕೂಡಿಸುತ್ತಾನಂತೆ. ವಾದ್ಯದ ಉಳಿ, ಅರ, ತಂತಿ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಕೀಲಿ ಜಡಿದು, ಕೀಲಿಕೈಯನ್ನು ಸುಂದರಬಾಯಿಯ ಮುಂದೆ ಇಟ್ಟು ಹೋಗಿದ್ದ.

ಅವ್ವ ಇದನ್ನು ಹೇಳಿದ ಕೂಡಲೆ ಮನೀಷಾ ಫೋನಿಗೆ ಕೈ ಹಾಕಿದ್ದಳು. ಆ ಏಳು ತಿಂಗಳು ಅಪ್ಪ ಸಿಳ್ಳೆ ಹಾಕುತ್ತ ಕೆಲಸ ಮಾಡಿದ್ದ. ಅವನಿಗೆ ಸಿಳ್ಳೆ ಹಾಕಲು ಬರುತ್ತದೆಂಬುದೇ ಅವಳಿಗೆ ಅದಕ್ಕೂ ಮೊದಲು ಗೊತ್ತಿರಲಿಲ್ಲ. ಸೋಫಾ ಮಾಡುವವನು ಸಿಳ್ಳೆ ಹಾಕುತ್ತಾನೆಯೇ? ಹಾಕುವುದಿಲ್ಲ. ಗೋಡೆಯ ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು. ಬಸ್ಸು ಹುಮನಾಬಾದ ಮುಟ್ಟುವುದು ಹನ್ನೊಂದೂವರೆಗೆ. ಅಷ್ಟರೊಳಗೆ ಓಂಪ್ರಕಾಶ ಆ ಗಿಟಾರನ್ನು ಅಂಗಡಿಯ ಮುಂದಿನ ಗೋಡೆಗೆ ಮರ್ಯಾದೆಯಿಂದ ತೂಗುಹಾಕಬೇಕು. ಅಪ್ಪ ಒಳಗೆ ಕಾಲಿಟ್ಟ ಕೂಡಲೆ ಅದನ್ನು ನೋಡಬೇಕು. ಹಾಗೆ ತೂಗುತ್ತಿರುವುದನ್ನು ನೋಡಿದ ಮೇಲೆ ಅವನಿಗೂ ಮುರಿಯುವ ಮನಸ್ಸು ಬರಲಾರದು. ಇದಿಷ್ಟೇ ಅವಳ ಹಂಚಿಕೆ. ಅಂಗಡಿಯ ಬಟ್ಟೆ ಚೀಲದ ಮೇಲೆ ಅಚ್ಚಾಗಿದ್ದ ನಂಬರು ಹಳೇ ತಂತಿ ಫೋನಿನದು. ಯಾರು ಮಾಡಿದ್ದಾರೆಂದು ಅದು ತೋರಿಸುವುದಿಲ್ಲ. ಅದೊಂದು ಪುಣ್ಯ.

“… ಹಾಂ, ಅದ ಅಂತೀರಲ್ಲ! ಎಲ್ಲಿ ಇಟ್ಟೀರಿ?… ಎಲ್ಲಿ?… ಢೋಲಕಿಗಳ ಹಿಂದಾ?… ಮ್ಯಾಲ ಚಾದರ ಹೊಚ್ಚೀರಾ? ಯಾಕ್ರಿ, ಅದಕ್ಕೇನು ಥಂಡಿ ಜ್ವರ ಬಂದದೇನು?”

“… ಏನಂದ್ರಿ?… ಕಂಪನಿ ಅಲ್ಲಾ?… ಕಂಪನಿ ಅಲ್ಲ ಅಂದ್ರ ಏನ್ರಿ ಶೇಟಜೀ? ಇಂಗ್ಲಿಷಿನಾಗ ಬರದ್ರ ಕಂಪನಿ, ಕನ್ನಡದಾಗ ಬರದ್ರ ಬರೇ ಕಟಗಿ, ಹಾಂಗೇನು?… ಅಲ್ಲ, ಹೇಳ್ರಿ, ಹಾಂಗೇನು?”

ಆ ಕಡೆಯ ಜನರಿಗೆ ‘ಕಂಪನಿ’ ಅನ್ನುವುದು ಹೆಸರಲ್ಲ, ಹೊಗಳಿಕೆ. ಚಪ್ಪಲಿ ಎರಡು ಮಳೆಗಾಲ ಬಾಳಿದರೆ ಅದು ಕಂಪನಿ ಮಾಲು. ಮಿಕ್ಸರು ಸುಟ್ಟು ಹೋಗದಿದ್ದರೆ ಅದು ಕಂಪನಿ. ಯಾವ ಕಂಪನಿ ಎಂದು ಯಾರೂ ಕೇಳುವುದಿಲ್ಲ. ಕಂಪನಿ ಅಲ್ಲ ಎಂದುಬಿಟ್ಟರೆ ಮಾತ್ರ ಆ ವಸ್ತುವಿನ ಕತೆ ಮುಗಿಯಿತು, ಗಿರಾಕಿ ಅದನ್ನು ಕೈಯಲ್ಲಿ ಹಿಡಿದು ಕೂಡ ನೋಡುವುದಿಲ್ಲ. ಓಂಪ್ರಕಾಶ ಎರಡು ತಿಂಗಳಿಂದ ಅದನ್ನೇ ಹೇಳುತ್ತ ಬಂದಿದ್ದ.

“… ಹೂಂ… ಹೂಂ… ಗಿರಾಕಿ ಬಂದವರೇ ಮೊದಲ ತಲಿ ಹೊಳ್ಳಿಸಿ ಹೆಸರು ನೋಡ್ತಾರಾ?… ನೋಡಿ ನಗ್ತಾರಾ?… ಅವರು ನಕ್ಕರ ನೀವೂ ನಗ್ತೀರಿ. ನೀವೇ ನಕ್ಕ ಮ್ಯಾಲ ಅವರು ಹ್ಯಾಂಗ ತಗೋತಾರ್ರಿ?… ನಾ ಏನೂ ಸಿಟ್ಟ ಮಾಡಾಕತ್ತಿಲ್ಲ. ನನ್ನ ಆವಾಜೇ ಹಾಂಗ ಅದ.”

“… ಏನು?… ಮುಡಬಿ ಒಳಗ ಯಾರ ಪೈಕಿ ಅಂದ್ರ?… ನಿಮ್ಮ ಮಾವನ ಮನಿ ಮುಡಬಿನೇ?… ಅಯ್ಯ ಶಿವನೇ… ಅಲ್ಲ, ಛಲೋ ಆತು ಅಂದೆ!”

ಇಷ್ಟು ಊರುಗಳಿರುವಾಗ ಓಂಪ್ರಕಾಶನಿಗೆ ಹೆಣ್ಣು ಕೊಡಲು ಮುಡಬಿಯವರೇ ಬೇಕಿತ್ತೇ? ಚಿಟಗುಪ್ಪ ಇತ್ತು, ಮಂಠಾಳ ಇತ್ತು. ಮನೀಷಾ ಅವ್ವನ ಕಡೆ ನೋಡಿದಳು. ಸುಂದರಬಾಯಿ ‘ಅನುಭವಿಸು’ ಎಂಬಂತೆ ಕೈ ತಿರುವಿ ರೊಟ್ಟಿ ಮಗುಚಿದಳು.

“… ನಮ್ಮ ಮನಿನಾ? ಬಸ್ ಸ್ಟ್ಯಾಂಡಿನ ಹಿಂದ್ರಿ… ಹಿಂದ ಹೊಲ ಅದನಾ? ಹಾಂ, ಅಂದ್ರ ಮುಂದ… ಮುಂದ ರೋಡ್ ಅದ ಅಂತೀರಾ?… ನೋಡ್ರಿ, ಬಸ್ಸು ಯಾವ ಕಡಿ ಮಾರಿ ಮಾಡಿ ನಿಂತದ ಅನ್ನೋದರ ಮ್ಯಾಲ ಹೋಗ್ತದ ಅದು. ಕಲ್ಯಾಣದ ಬಸ್ಸಿಗೆ ಹಿಂದ, ಹುಮನಾಬಾದ ಬಸ್ಸಿಗೆ ಮುಂದ… ಇರಲಿ ಬಿಡ್ರಿ, ನೀವು ಬಂದಾಗ ಚಹಾಕ್ಕ ಬರ್ರಿ, ಕೇಳಿಕೋತ ಬರ್ರಿ. ಗಿಟಾರದ್ದು ಹೇಳ್ರಿ ಮೊದಲ.”

ಒಂದು ಸುಳ್ಳಿಗೆ ಇನ್ನೊಂದು ಆಸರೆ ಕೊಡಬೇಕು, ಅದಕ್ಕೆ ಮತ್ತೊಂದು. ಗಡಿಯಾರ ಹನ್ನೊಂದೂ ಹದಿನೈದು ದಾಟಿತ್ತು.

“… ಮತ್ತೇನು ತಕರಾರ ಅದ?… ಡೊಂಕ ಅದನಾ? ಎಲ್ಲಿ ಡೊಂಕ?… ಹಾಂ, ಕೆಳಗಿನ ಅಂಚು ಚಪ್ಪಟಿ ಇರ್ತದ. ಇರಬೇಕು… ತೊಡಿ ಮ್ಯಾಲಿಂದ ಜಾರ್ತದಾ?… ತೂತು ನಡುವ ಇಲ್ಲಾ, ಹೆಗಲಿಗೆ ಅದನಾ?… ಹೌದ್ರಿ, ಹೆಗಲಿಗೇ ಇರಬೇಕು ಅದು… ಮತ್ತ?… ಮಿಷನ್ನಿಗೆ ಕೂಡಂಗಿಲ್ಲಾ? ಯಾವ ಮಿಷನ್?… ಹಾಂ, ಮೊಬೈಲಿನಾಗ ಶ್ರುತಿ ನೋಡೋದು… ಹಸಿರು ದೀಪ ಹತ್ತಂಗೇ ಇಲ್ಲಾ? ಯಾವಾಗ ನೋಡಿದ್ರೂ ಕೆಂಪಾ?… ತಂತಿ ಮ್ಯಾಲಕ್ಕ ಎಳೀಬ್ಯಾಡ್ರಿ ಅಂತ ಮಾಡಿದವರೇ ಚೀಟಿ ಹಚ್ಯಾರಾ?… ಅದು ನನಗೂ ಗೊತ್ತಿಲ್ರಿ. ಅದೊಂದು ತಪ್ಪು ಆಗಿರಬೇಕು.”

ತಪ್ಪೇ ಇರಬೇಕೆಂದು ಅವಳೂ ನಂಬಿದ್ದಳು. ಉಳಿದೆರಡರ ಗುಟ್ಟು ಅವಳಿಗೆ ಗೊತ್ತಿತ್ತು, ಕಣ್ಣೆದುರಿಗೇ ಆದದ್ದು. ದಿಗಂಬರ ಆ ಗಿಟಾರನ್ನು ಮಾಡಿದ್ದೇ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಾರಿಸುವವರಿಗಾಗಿ. ಭೀಮಗೀತೆ ಹಾಡುವ ರತ್ನದೀಪನ ತಂಡ, ಶಿವಭಜನೆಯ ಮುದುಕರು, ಎಲ್ಲರೂ ಕೂರುವುದು ನೆಲದ ಮೇಲೆ. ಪ್ಯಾಟಿಯ ಗಿಟಾರು ಮಡಚಿದ ಕಾಲಿನ ಮೇಲೆ ನಿಲ್ಲುವುದಿಲ್ಲ ಎಂದು ರತ್ನದೀಪ ಬೇಜಾರು ಮಾಡಿಕೊಂಡದ್ದೇ ಇದಕ್ಕೆಲ್ಲ ಮೂಲ. ಆದರೆ ಇದನ್ನು ಅಂಗಡಿಯವನಿಗೆ ಬಾಯಿಬಿಟ್ಟು ಹೇಳಬೇಕಲ್ಲ! ಪುಣ್ಯಾತ್ಮ ‘ನೋಡ್ರಿ’ ಅಂದು ಬಂದುಬಿಟ್ಟಿದ್ದ.

“… ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗಿರಾಕಿಗೆ ಅದನ್ನ ಎಲ್ಲಿ ಕೂಡಿಸಿ ಕೊಟ್ರಿ?… ಸ್ಟೂಲಿನ ಮ್ಯಾಲಾ?… ಎಲ್ಲಾರಿಗೂ?… ನೀವೂ ಸ್ಟೂಲಿನ ಮ್ಯಾಲೇ ಕೂತು ನೋಡಿದ್ರಾ?… ಮತ್ತ ಕುಣ್ಯಾಕ ಬರಲಾರದಾಕಿ ನೆಲ ಡೊಂಕ ಅಂದಳಂತ, ಹಾಂಗಾತು ನೋಡ್ರಿ ಇದು… ಇಲ್ರಿ, ನಿಮಗಲ್ಲ, ಸುಮ್ಮ ಗಾದಿ ಮಾತು.”

“… ಶೇಟಜೀ, ನೀವು ಭಜನಿಗಿ ಹೋಗ್ತೀರಿಲ್ಲೋ?… ಹೋಗ್ತೀರಿ! ಸೋಮವಾರಾ?… ಹಾರ್ಮೋನಿಯಂ ಪೇಟಿ ಬಾರಸ್ತೀರಾ? ಭಾಳ ಛಲೋ… ಹಾಂಗಾರ ಹೇಳ್ರಿ, ಭಜನಿಗಿ ಸ್ಟೂಲ್ ತಗೊಂಡು ಹೋಗ್ತೀರೇನು ನೀವು?”

ಆ ಕಡೆ ಮೌನ. ಅಂಗಡಿಯವರ ಮೌನ ಎರಡು ಥರ ಇರುತ್ತದೆ. ಒಂದು, ಇವಳನ್ನು ಹ್ಯಾಗೆ ಸಾಗಹಾಕಲಿ ಅನ್ನುವುದು. ಇನ್ನೊಂದು, ಅರೆ ಹೌದಲ್ಲ ಅನ್ನುವುದು. ಇದು ಯಾವುದೆಂದು ತಿಳಿಯದೆ ಮನೀಷಾ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“… ಹಾಂ, ನೆಲದ ಮ್ಯಾಲ… ಹೌದ್ರಿ, ನೀವೇ. ನೀವೇ ಕೂಡ್ರಿ. ಬ್ಯಾರೆ ಯಾರದಾರ ದುಕಾನದಾಗ?… ಮೊಣಕಾಲ ನೋವಾ? ಸೋಮವಾರ ನೋಯಂಗಿಲ್ಲ, ಇವತ್ತ ನೋಯ್ತಾವೇನು?… ಜಮಖಾನಿ ಇದ್ರ ಹಾಸಿಕೋರಿ… ಫೋನಿನ ವಾಯರ್ ಮುಟ್ಟಂಗಿಲ್ಲಾ? ಕೆಳಗ ಇಟ್ಟುಬಿಡ್ರಿ, ನಾ ಕೇಳಾಕತ್ತೇನಿ… ಚಾದರ ತಗೀರಿ ಮೊದಲ!”

ಫೋನು ನೆಲಕ್ಕೆ ತಾಗಿದ ಸದ್ದು. ಢೋಲಕಿ ಉರುಳಿದ ಸದ್ದು. ಉಸ್ಸಪ್ಪಾ ಎಂದು ಒಬ್ಬ ದೊಡ್ಡ ಮನುಷ್ಯ ತನ್ನ ಅಂಗಡಿಯಲ್ಲಿ ತಾನೇ ನೆಲಕ್ಕೆ ಕೂತ ಸದ್ದು. ಆಮೇಲೆ ಒಂದು ತಂತಿ. ಎರಡು ತಂತಿ. ಆಮೇಲೆ ಎಲ್ಲ ತಂತಿಗಳೂ ಕೂಡಿ, ಅಂಜುತ್ತ ಅಂಜುತ್ತ, ಒಂದು ಭಜನೆಯ ಹೆಜ್ಜೆ ಹಿಡಿದವು. ದುಂಡಗಿನ, ಒಣಗಿದ ಮರದ ದನಿ. ಏಳು ತಿಂಗಳ ಕೆಲಸದ ಕೊನೆಗೆ ಈ ಮನೆಯ ಪಡಸಾಲೆಯಲ್ಲಿ ಕೇಳಿದ್ದ ಅದೇ ದನಿ.

ಮನೀಷಾಳಿಗೆ ನಗುವೂ ಬಂತು, ಅಳುವೂ ಬಂತು. ಸುಂದರಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು ಕಿವಿಗೊಟ್ಟಳು. ಮಗಳು ನೋಡಿದ ಕೂಡಲೆ ಮತ್ತೆ ಬಡಿಯತೊಡಗಿದಳು.

“… ಹಲೋ?… ಶೇಟಜೀ?… ಹಲೋ, ನಾ ಇನ್ನೂ ಇದ್ದೀನ್ರಿ!… ಓ ಶೇಟಜೀ!”

ಒಂದು ಪಲ್ಲವಿ ಮುಗಿದು ಎರಡನೆಯದಕ್ಕೆ ಕೈ ಹಾಕಿದ್ದ ಓಂಪ್ರಕಾಶ. ಗಿರಾಕಿ ಫೋನಿನಲ್ಲಿ ನೇತಾಡುತ್ತಿರುವುದು ಅವನಿಗೆ ಮರೆತೇ ಹೋಗಿತ್ತು. ಅವಳು ಮೂರನೇ ಸಲ ಕೂಗಿದಾಗ, ಮೂಗಿನ ದನಿ ಮರೆತು ತನ್ನ ಸ್ವಂತ ದನಿಯಲ್ಲೇ ಕೂಗಿಬಿಟ್ಟಳು. ನಾಲಿಗೆ ಕಚ್ಚಿಕೊಂಡು ಓಢಣಿಯನ್ನು ಇನ್ನೊಂದು ಸುತ್ತು ಸುತ್ತಿದಳು.

“… ಹಾಂ, ಹೇಳ್ರಿ… ಜಾರಲಿಲ್ಲಾ?… ಮಗು ಕೂತಂಗ ಕೂತದಾ? ನೋಡ್ರಿ ಮತ್ತ!… ತೂತು ನಿಮ್ಮ ಕಿವಿಗೇ ಹತ್ರ ಆಗ್ತದಾ? ಅದಕ್ಕೇ ಹೆಗಲಿಗೆ ಕೊರದದ್ದು ಶೇಟಜೀ! ಢೋಲಕಿ, ತಾಳದ ಗದ್ದಲದಾಗ ಬಾರಸವರಿಗಿ ತಮ್ಮದು ತಮಗ ಕೇಳಬೇಕಲ್ಲ… ನನಗ ಯಾರು ಹೇಳಿದ್ರಾ?… ಊರಾಗ ಮಂದಿ ಮಾತಾಡಾಕತ್ತಾರ್ರಿ. ಎಲ್ಲಾ ಕಡಿ ಇದೇ ಮಾತು. ನಿಮ್ಮ ದುಕಾನದಾಗ ಅದ ಅಂತ ಗೊತ್ತಾದ್ರ ಸಾಲು ಹಚ್ಚತಾರ.”

ಕೊನೆಯ ಸುಳ್ಳು ಸ್ವಲ್ಪ ಹೆಚ್ಚಾಯಿತು. ಸುಂದರಬಾಯಿ ಕೆಮ್ಮಿದಳು.

“… ಹಾಂಗಾರ ಮುಂದಿನ ಗೋಡಿಗಿ ಹಚ್ಚರಿ ಅದನ್ನ… ಜಗ ಇಲ್ಲಾ? ಆ ನೀಲಿದು ತಗದು ಒಳಗ ಇಡ್ರಿ… ಆ ಕಂಪನಿಯವ್ರು ಕೇಳ್ತಾರಾ? ಅವರು ದಿನಾ ಬರ್ತಾರೇನ್ರಿ ನಿಮ್ಮ ಗೋಡಿ ನೋಡಾಕ?… ದೂರದ ಗುಡ್ಡ ನುಣ್ಣಗ ಶೇಟಜೀ. ಇದು ಹತ್ತಿರದ ಗುಡ್ಡ ಅದ, ಕೈಲಿ ಮುಟ್ಟಿ ನೋಡಿರಿ ಈಗ… ನಾಳಿಗಿ ಬ್ಯಾಡ, ಈಗ ಹಚ್ಚರಿ. ಈಗಂದ್ರ ಈಗ!… ಯಾಕ ಅಂದ್ರ… ಯಾಕ ಅಂದ್ರ ಇವತ್ತ ದಿನ ಛಲೋ ಅದ… ಹಾಂ, ಏಳ್ರಿ, ಏಳ್ರಿ… ಇನ್ನೊಂದು ಹಾಡಾ? ಅಯ್ಯೋ, ಆಮ್ಯಾಲ ಬಾರಸ್ರಿ!”

ಎರಡು ತಿಂಗಳು ಆ ಗಿಟಾರಿಗೆ ಚಾದರ ಹೊಚ್ಚಿಟ್ಟವನು ಈಗ ಎದ್ದೇಳಲು ಒಲ್ಲೆ ಅನ್ನುತ್ತಿದ್ದ. ಗಡಿಯಾರ ಹನ್ನೊಂದೂವರೆ ದಾಟಿ ಐದು ನಿಮಿಷ. ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಎಷ್ಟು ದೂರ? ಅಪ್ಪನ ಕಾಲಿಗೆ ಐದೇ ನಿಮಿಷ. ಗೋಡೆಯ ಮೇಲೆ ಇನ್ನೂ ಆ ನೀಲಿಯದೇ ಇರುತ್ತದೆ, ಅಪ್ಪ ಕೈ ಚಾಚಿ ‘ಕೊಡ್ರಿ’ ಅನ್ನುತ್ತಾನೆ, ತೆಗೆದುಕೊಂಡು ಹೊರಡುತ್ತಾನೆ. ಅವನಿಗೆ ಎರಡನೇ ಮಾತು ಎಲ್ಲಿ ಬರುತ್ತದೆ?

“… ಹಲೋ? ಯಾಕ ನಿಲ್ಲಿಸಿದ್ರಿ?… ಯಾರೋ ಬಂದ್ರಾ?… ಯಾರು?… ಮಾಡಿದವರೇ?… ದಿಗಂಬರ ಅವರೇ?”

“… ಬಾಗ್ಲಾಗ ನಿಂತಾರಾ?… ಒಳಗ ಬರವಲ್ರಾ? ನಿಂತು ನಿಮ್ಮನ್ನೇ ನೋಡಾಕತ್ತಾರಾ?… ಏನೂ ಅನ್ನವಲ್ರಾ?… ಅವರು ಹಾಂಗೇರಿ, ಏನೂ ಅನ್ನಂಗಿಲ್ಲ… ಅಂದ್ರ, ಹಾಂಗಂತ ಕೇಳೇನಿ… ಏನು? ಬ್ಯಾಡ್ರಿ! ಅವರಿಗಿ ಫೋನ್ ಯಾಕ್ರಿ? ನಂದೇನಿಲ್ಲ ಅವರ ಹತ್ರ… ಗಿರಾಕಿ ಅಂತ ಹೇಳಿದ್ರಾ? ಮುಡಬಿ ಗಿರಾಕಿ ಅಂತ?… ಶೇಟಜೀ, ಬ್ಯಾಡ್ರಿ, ನನಗ ಬಸ್ಸಿಗಿ ಹೊತ್ತಾತು… ಶೇಟಜೀ…”

“… ಹ… ಹಲೋ.”

ಫೋನು ಇಟ್ಟುಬಿಡಬಹುದಿತ್ತು. ಆದರೆ ಗಿರಾಕಿ ಫೋನು ಇಟ್ಟಳೆಂದರೆ ಗಿರಾಕಿಯೇ ಸುಳ್ಳೆಂದಾಗುತ್ತದೆ, ಆಗ ಮಣೆಯೇ ಗತಿ. ಮನೀಷಾ ಮೂಗು ಹಿಡಿದುಕೊಂಡಳು. ಆ ಕಡೆಯಿಂದ ಬಂದ ಮೊದಲ ಮಾತಿಗೇ ಅವಳ ಕಣ್ಣು ಅಗಲವಾದವು. ಹುಟ್ಟಿದಾಗಿನಿಂದ ‘ಏ ಮನೀ’ ಎಂದು ಕರೆದವನು ಅವಳನ್ನು ‘ಬಾಯಾರ’ ಎಂದು ಬಹುವಚನದಲ್ಲಿ ಕರೆದಿದ್ದ.

“… ನಮಸ್ಕಾರ್ರಿ… ಹಾಂ, ಆಮ್ರಪಾಲಿ ಅಂತ್ರಿ. ಮುಡಬಿ… ಆರಾಮ ಇದ್ದೀನ್ರಿ. ನೀವು ಆರಾಮಾ?… ಅದೇ, ನೀವು ಮಾಡಿದ್ದು ಬೇಕಾಗಿತ್ತು… ಯಾವ ಕಟಗಿ ಅದ್ರಿ ಅದು?… ಬಾಗಲದ್ದಾ?… ಹಾಂ… ನೂರು ವರ್ಷ ತಗದು ಹಾಕಿ, ತಗದು ಹಾಕಿ… ಮಳಿ ನೋಡೇದ, ಬಿಸಲ ನೋಡೇದ… ಇನ್ನ ಅದು ಬಗ್ಗಂಗಿಲ್ಲ ಅಂತೀರಿ… ಹಾಂ… ಹಾಂ…”

ದಿಗಂಬರ ಮಾತಾಡುತ್ತಿದ್ದ! ನಿಲ್ಲಿಸದೆ, ಯಾರೂ ಜಗ್ಗದೆ, ತಾನಾಗಿ. ಕದದ ಯಾವ ಭಾಗದಿಂದ ಹೊಟ್ಟೆ ತೆಗೆದ, ಯಾವುದರಿಂದ ಬೆನ್ನು ತೆಗೆದ, ಅಂಟು ಒಣಗುವ ತನಕ ಹೇಗೆ ಪಕ್ಕದಲ್ಲೇ ಕೂತಿದ್ದ, ಎಲ್ಲವನ್ನೂ ಮುಡಬಿಯ ಒಬ್ಬ ಗುರುತಿಲ್ಲದ ಹೆಣ್ಣುಮಗಳಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಇಪ್ಪತ್ತಮೂರು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾನು ಯಾಕೆ ಇದನ್ನು ಕೇಳಲಿಲ್ಲ ಎಂದು ಮನೀಷಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಅವಳು ಮೆಲ್ಲಗೆ ಫೋನಿನ ಸ್ಪೀಕರು ಒತ್ತಿ ಮಷಿನ್ನಿನ ಮೇಲಿಟ್ಟಳು. ಅವ್ವನೂ ಕೇಳಲಿ.

“… ಒಂದು ಕೇಳ್ಲೇನ್ರಿ? ಮಿಷನ್ನಿಗಿ ಕೂಡಂಗಿಲ್ಲಂತ, ಕೆಂಪು ದೀಪ ಹತ್ತತದಂತ. ಶ್ರುತಿ ತಪ್ಪೇದೇನ್ರಿ?… ತಪ್ಪಿಲ್ಲಾ?… ಬ್ಯಾರೆ ಶ್ರುತಿನಾ? ಯಾರ ಶ್ರುತಿರಿ?”

“… ನಿಮ್ಮ ಮನಿಯವರದಾ?… ಹಾಡ್ತಾರೇನ್ರಿ ಅವರು?… ಹಾಡಂಗಿಲ್ಲಾ?… ರೊಟ್ಟಿ ಬಡೀವಾಗ?… ಬಾಯಿ ಮುಚ್ಚಿಕೊಂಡು ಗುಂಯ್ ಅಂತಿರ್ತಾರಾ?… ಅವರಿಗೇ ಗೊತ್ತಿಲ್ಲಾ?… ಇಪ್ಪತ್ತಾರು ವರ್ಷ?… ಒಂದೇ ಸುರಾ? ಒಂದು ದಿನಾನೂ ಏರಿಲ್ಲ, ಇಳದಿಲ್ಲ… ಆ ಸುರಕ್ಕ ತಂತಿ ಕೂಡಿಸೀರಿ ನೀವು… ಅದಕ್ಕ ಹೆಸರೂ… ಹಾಂ… ಮಿಷನ್ನಿನ ಮಾತು ಕೇಳಿ ಮ್ಯಾಲಕ್ಕ ಎಳದ್ರ ಬ್ಯಾರೆ ಯಾರದೋ ಹೆಂಡತಿ ಆಗ್ತದಾ?”

ನಗಬೇಕಾದ ಮಾತು. ಮನೀಷಾಳಿಗೆ ನಗಲಾಗಲಿಲ್ಲ. ಅವಳು ಒಲೆಯ ಕಡೆ ತಿರುಗಿದಳು. ಸುಂದರಬಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಏಳುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದು ಅದೇ ಮೊದಲು. ಮೊಣಕೈಯಿಂದ ಕಣ್ಣೊರೆಸಿಕೊಂಡು, ಹೊತ್ತಿದ್ದನ್ನು ಆಚೆ ಎಸೆದು, ಏನೂ ಆಗೇ ಇಲ್ಲವೆಂಬಂತೆ ಇನ್ನೊಂದು ಮುದ್ದೆ ತೆಗೆದುಕೊಂಡು ಬಡಿಯತೊಡಗಿದಳು. ಪಟ್ ಪಟ್ ಪಟ್ ಪಟ್. ನಾಲ್ಕು ಸುತ್ತು ಬಡಿಯುವಷ್ಟರಲ್ಲಿ, ಅವಳಿಗೆ ತಿಳಿಯದೆಯೇ, ಮುಚ್ಚಿದ ಬಾಯಿಯೊಳಗಿಂದ ಅದು ಹೊರಟಿತು. ಗುಂಯ್ ಎಂದು.

“… ಹಲೋ?… ಹಲೋ, ಸರ?… ಯಾಕ ಸುಮ್ಮನಾದ್ರಿ?… ಹಲೋ?”

ಸ್ಪೀಕರಿನಿಂದಾಗಿ ಆ ಗುಂಯ್ ಹುಮನಾಬಾದಕ್ಕೂ ಮುಟ್ಟಿತ್ತು. ಆಮೇಲೆ ಫೋನಿನೊಳಗಿಂದ ಒಂದೇ ಒಂದು ತಂತಿ ಮಿಡಿಯಿತು. ಅದೇ ಸುರ. ಸುಂದರಬಾಯಿಯ ಗುಂಯ್‌ಗೂ ಅದಕ್ಕೂ ನಡುವೆ ಒಂದು ಕೂದಲು ತೂರಿಸಲು ಜಾಗವಿರಲಿಲ್ಲ. ಅವಳು ಥಟ್ಟನೆ ಬಾಯಿ ಬಿಗಿದಳು. ತಂತಿ ಇನ್ನೊಮ್ಮೆ ಮಿಡಿಯಿತು, ಕರೆದ ಹಾಗೆ. ಸುಂದರಬಾಯಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಕ್ಕಳು. ಮದುವೆಯ ಫೋಟೋದಲ್ಲಿ ಮಾತ್ರ ಮನೀಷಾ ಆ ನಗುವನ್ನು ನೋಡಿದ್ದಳು.

ಇನ್ನು ಆಮ್ರಪಾಲಿಯಾಗಿ ಉಪಯೋಗವಿರಲಿಲ್ಲ. ಮನೀಷಾ ಓಢಣಿಯನ್ನು ಬಿಚ್ಚಿದಳು.

“… ಅಪ್ಪಾ.”

“… ಹಾಂ, ನಾನೇ… ಅವ್ವನ ಫೋನಿಂದ… ಬೈತೀ ಏನು?… ನಗಾಕತ್ತೀ? ಖರೇ ನಗಾಕತ್ತೀ?… ಅಪ್ಪಾ, ಮೊದಲ ಒಂದು ಹೇಳು. ಮುರೀತೀ ಏನು ಅದನ್ನ?… ಮುರಿಯಂಗಿಲ್ಲ? ಆಣಿ ಮಾಡು… ಶೇಟಜೀ ಕೊಡವಲ್ರಾ ಅದನ್ನ? ಅವರೇ ಅಪ್ಪಿಕೊಂಡು ಕೂತಾರಾ?… ನೀಲಿದು ಇಳಿಸಿದ್ರಾ? ಈಗ? ನಿನ್ನ ಕಣ್ಣ ಮುಂದೇ?… ಅವ್ವಾ, ನಿನ್ನ ಗೋಡಿಗಿ ಹಚ್ಚಾಕತ್ತಾರಂತ!”

‘ನನ್ನ ಯಾಕ ಹಚ್ಚತಾರ, ಹುಚ್ಚಿ’ ಎಂದು ಸುಂದರಬಾಯಿ ಸೆರಗಿನೊಳಗಿಂದಲೇ ಬೈದಳು. ಕೀಲಿಕೈಯನ್ನು ಮಾತ್ರ ಸೊಂಟದಿಂದ ಬಿಚ್ಚಿ, ಹಿಟ್ಟಿನ ಕೈಯಲ್ಲೇ ತಂದು ಮಗಳ ಮುಂದೆ ಇಟ್ಟಳು.

“… ಮಹಾರುದ್ರಪ್ಪ ಕಾಕಾಗ ಏನ ಹೇಳ್ಲಿ?… ಹಾಂ… ಹಾಂ, ಹಾಂಗೇ ಹೇಳ್ತೀನಿ. ಸೋಫಾದ ಮ್ಯಾಲ ಕೂತ್ರ ಸುಂದರಬಾಯಿ ಜಾರ್ತಾಳ, ನಮಗ ಆಗಂಗಿಲ್ಲ ಅಂತ… ಪೆಟ್ಟಿಗಿ ಕೀಲಿ ಇಲ್ಲೇ ಅದ, ಅವ್ವ ಈಗ ಕೊಟ್ಟಳು… ತಗದು ಇಡ್ಲಾ? ಯಾಕ?… ಇನ್ನೊಂದು ಕದ ಹಾಂಗೇ ಅದ, ಹೌದು… ಇನ್ನೊಂದು ಗಿಟಾರಾ? ಶೇಟಜೀ ಭಜನಿಗೇ?… ಅವರಿಗೇ ಬೇಕಂತಾ? ಖಾಸ್ ಅವರಿಗೇ?”

ಮನೀಷಾ ಕೂತಲ್ಲೇ ಕುಣಿದಳು. ಟೇಪು ಕೊರಳಿಂದ ಜಾರಿ ಮಷಿನ್ನಿನ ಚಕ್ರಕ್ಕೆ ಸುತ್ತಿಕೊಂಡಿತು.

“… ಅಪ್ಪಾ, ಅದಕ್ಕ ಹೆಸರು? ತಲಿ ಮ್ಯಾಲ ಏನ ಕೆತ್ತತೀ?… ಅವ್ವಂದು ಅಲ್ಲಾ? ಹಾಂಗಾರ ನಂದಾ?… ಮನೀಷಾ ಕಂಪನಿ?… ಅಲ್ಲಾ? ಮತ್ತ ಯಾರದು?… ಮೊದಲನೇ ಗಿರಾಕಿದಾ?… ಯಾವ ಗಿರಾಕಿ ಅಪ್ಪಾ?… ಅಪ್ಪಾ, ಬ್ಯಾಡ! ಆಕಿಗಿ ಗೊತ್ತಾದ್ರ ನನ್ನ ಕೊಂದೇ ಬಿಡ್ತಾಳ… ಶೇಟಜೀ ಮಾವನ ಮನಿ ಮುಡಬಿ ಅದ, ಕೇಳಾಕ ಹೋಗ್ತಾರ… ಅಪ್ಪಾ, ನಗಬ್ಯಾಡ, ಕೇಳು… ಹಲೋ?… ಏನಂದಿ? ‘ಆಮ್ರಪಾ—’”

ಲೈನು ಕಡಿದುಹೋಯಿತು.